ಸಗ್ರಾಂತೀನೊ: ಒಗರಿನ ಜೊತೆ ಒಡನಾಟ

ಇಟಲಿಯ ನಡುಭಾಗದ ಉಂಬ್ರಿಯದಲ್ಲಿ ಮೊಂತೆಫಾಲ್ಕೊ ಎಂಬ ಗುಡ್ಡದ ಮೇಲಿನ ಊರಿದೆ. ಅದರ ಸುತ್ತಮುತ್ತ ಬೆಳೆಯುವ ಸಗ್ರಾಂತೀನೊ ದ್ರಾಕ್ಷಿಯಲ್ಲಿ ಒಗರು ತರುವ ಟ್ಯಾನಿನ್ ವಿಪರೀತ. ವೈನ್ ರುಚಿ ನೋಡುವ, ನೋಡಿಸುವ ಕೆಲಸದಲ್ಲಿ ಈ ದ್ರಾಕ್ಷಿಯ ಕೆಂಪು ವೈನ್ ನನಗೆ ಕಲಿಸಿದ್ದು ಇಷ್ಟು.

1. ರುಚಿ ನೋಡುವ ವೈನ್‌ಗಳ ಸಾಲಿನಲ್ಲಿ ಇದನ್ನು ಕೊನೆಗಿಡಿ. ಮೊದಲ ಗುಟುಕಿಗೇ ಒಸಡು, ಕೆನ್ನೆಯ ಒಳಭಾಗವೆಲ್ಲ ಎಳೆ ಅಡಿಕೆ ಜಗಿದಂತೆ ಬಿಗಿದುಕೊಳ್ಳುತ್ತದೆ. ಆಮೇಲೆ ಎಂಥ ನಾಜೂಕಿನ ವೈನ್ ಸುರಿದರೂ ವ್ಯರ್ಥ.

2. ಬರೀ ವೈನ್ ಕುಡಿದು ತೀರ್ಪು ಕೊಡಬೇಡಿ. ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣ ಕಳೆಯುತ್ತದೆ. ಬಾಯಿ ಒಣಗಿದಂತಾಗುವುದು ಅದಕ್ಕೇ. ಪಕ್ಕದಲ್ಲಿ ಸುಟ್ಟ ಕುರಿಮರಿ ಮಾಂಸವೋ ಹಳೆಯ ಪೆಕೊರಿನೊ ಚೀಸೋ ಇದ್ದರೆ ಟ್ಯಾನಿನ್ ಅದಕ್ಕೆ ಅಂಟುತ್ತದೆ, ಬಾಯಿಗೆ ಬಿಡುವು ಸಿಗುತ್ತದೆ. ಎರಡನೇ ತುತ್ತಿನ ಹೊತ್ತಿಗೆ ಬ್ಲ್ಯಾಕ್‌ಬೆರಿಯ, ಮಸಾಲೆಯ ಪರಿಮಳ ಮೇಲೇಳುತ್ತದೆ. ನಮ್ಮ ಖಾರದ ಸಾರಿಗೆ ಮಾತ್ರ ಇದು ಜೊತೆಯಲ್ಲ. ಆಲ್ಕೋಹಾಲ್ ಶೇ 14–15ರಷ್ಟಿರುತ್ತದೆ, ಉರಿ ಇನ್ನೂ ಹೆಚ್ಚುತ್ತದೆ.

3. ಇದರ ಹಳೆಯ ರೂಪ ಸಿಹಿ ಎಂಬುದು ನೆನಪಿರಲಿ. ಬಹುಕಾಲ ಈ ದ್ರಾಕ್ಷಿಯಿಂದ ಮಾಡುತ್ತಿದ್ದದ್ದು ಪಸ್ಸೀತೊ. ಕೊಯ್ದ ಗೊಂಚಲುಗಳನ್ನು ತಟ್ಟಿಗಳ ಮೇಲೆ ಹರಡಿ ವಾರಗಟ್ಟಲೆ ಒಣಗಿಸಿ, ಸಕ್ಕರೆ ಸಾಂದ್ರವಾದ ಮೇಲೆ ಹಿಂಡಿ ಹುದುಗಿಸುತ್ತಿದ್ದರು. ಈಸ್ಟರ್ ಹಬ್ಬದ ಕುರಿಮರಿ ಊಟಕ್ಕೆ ಅದೇ ವೈನ್. ಒಗರಿಗೆ ಕಡಿವಾಣ ಹಾಕುತ್ತಿದ್ದದ್ದು ಆ ಸಿಹಿಯೇ. ಸಿಹಿಯಿಲ್ಲದ ಡ್ರೈ ವೈನ್ ಇಲ್ಲಿ ಮುಂದೆ ಬಂದದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ. ಅಲ್ಲಿನ ವೈನ್ ತಯಾರಕ ಮಾರ್ಕೊ ಕಪ್ರಾಯ್ ಮಿಲಾನ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಈ ದ್ರಾಕ್ಷಿಯ ಅಧ್ಯಯನಕ್ಕೆ ಕೈಹಾಕಿದರು. ಹೊರಜಗತ್ತಿಗೆ ಸಗ್ರಾಂತೀನೊ ಹೆಸರು ತಲುಪಿದ್ದರಲ್ಲಿ ಅವರ ಪಾಲು ದೊಡ್ಡದು. 1992ರಲ್ಲಿ ಈ ವೈನಿಗೆ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಸಿಕ್ಕಿತು. ಇಷ್ಟಾದರೂ ಪಸ್ಸೀತೊ ಕಂಡರೆ ಬಿಡಬೇಡಿ. ನನ್ನ ಮಟ್ಟಿಗೆ ಈ ದ್ರಾಕ್ಷಿಗೆ ಒಗ್ಗುವುದು ಅದೇ. ಡ್ರೈ ಪಕ್ಷದವರು ಜಗಳಕ್ಕೆ ಬಂದರೆ ಬರಲಿ.

4. ಲೇಬಲ್ ಪೂರ್ತಿ ಓದಿ. ‘ಮೊಂತೆಫಾಲ್ಕೊ ರೊಸ್ಸೊ’ ಬೇರೆಯದೇ ವೈನ್: ಹೆಚ್ಚಿನ ಪಾಲು ಸಾಂಜೊವೇಸೆ ದ್ರಾಕ್ಷಿ, ಸಗ್ರಾಂತೀನೊ ಒಂದಿಷ್ಟು. ಮೊದಲ ಪರಿಚಯಕ್ಕೆ ಅದೇ ಒಳ್ಳೆಯದು, ಜೇಬಿಗೂ ಹಗುರ.

5. ಕಾಯುವುದಿದೆ. ಡ್ರೈ ಸಗ್ರಾಂತೀನೊವನ್ನು ಮಾರಾಟಕ್ಕೆ ಮುಂಚೆ ಕನಿಷ್ಠ 37 ತಿಂಗಳು, ಅದರಲ್ಲಿ 12 ತಿಂಗಳು ಮರದ ಪೀಪಾಯಿಯಲ್ಲಿ ಮಾಗಿಸಬೇಕೆಂಬುದು ಅಲ್ಲಿನ ನಿಯಮ. ಆಮೇಲೂ ಕೆಲವು ವರ್ಷ ಬಾಟಲಿಯಲ್ಲಿ ಬಿಟ್ಟರೆ ಒಗರು ಮೆತ್ತಗಾಗುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಕುಡಿಯುವ ಒಂದೆರಡು ಗಂಟೆ ಮೊದಲು ಅಗಲ ಬಾಯಿಯ ಜಗ್ಗಿಗೆ ಸುರಿದಿಡಿ. ಇನ್ನು, ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎನ್ನುವ ಮಾತು ಯೂರೋಪಿನ ತಂಪು ಕೋಣೆಗಳದ್ದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಾಗೆ ಮಾಡಿದರೆ ಮೂಗಿಗೆ ಬರೀ ಆಲ್ಕೋಹಾಲ್ ಹೊಡೆಯುತ್ತದೆ. ಬಾಟಲಿಯನ್ನು ಕೆಲಹೊತ್ತು ಫ್ರಿಜ್ಜಿನಲ್ಲಿಟ್ಟು 18 ಡಿಗ್ರಿ ಸುಮಾರಿಗೆ ತನ್ನಿ. ಅದಕ್ಕಿಂತ ತೀರಾ ತಣ್ಣಗಾದರೆ ಒಗರು ಮತ್ತೆ ಚುರುಕಾಗುತ್ತದೆ.