ಮೊತ್ತ ಸರಿ, ಖಾತೆ ಖಾಲಿ: ಕಾವೇರಿಯ ಮಹಶೀರ್ ಕಲಿಸುವ ಲೆಕ್ಕಶಾಸ್ತ್ರ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಕೈಲಾಂಚ



ತಾಳೆಪಟ್ಟಿಯ ಎರಡೂ ಬದಿಯ ಮೊತ್ತ ಒಂದೇ ಬಂದರೆ ನಾವೆಲ್ಲ ಪೆನ್ನು ಕೆಳಗಿಟ್ಟು ನಿರಾಳವಾಗುತ್ತೇವೆ. ಆದರೆ ಲೆಕ್ಕಶಾಸ್ತ್ರದ ಸರ್ ಪ್ರತಿ ಸಲ ಎಚ್ಚರಿಸುತ್ತಾರೆ: "ಮೊತ್ತ ಸರಿ ಬಂತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ." ಒಬ್ಬ ಗ್ರಾಹಕನ ಖಾತೆಗೆ ಬರೆಯಬೇಕಾದ ಹಣವನ್ನು ಇನ್ನೊಬ್ಬನ ಖಾತೆಗೆ ಬರೆದರೂ ತಾಳೆಪಟ್ಟಿ ತಾಳೆಯಾಗುತ್ತದೆ. ಈ ಮಾತು ನನಗೆ ಚೆನ್ನಾಗಿ ಅರ್ಥವಾದದ್ದು ತರಗತಿಯಲ್ಲಿ ಅಲ್ಲ, ಕಳೆದ ಬೇಸಿಗೆ ರಜೆಯಲ್ಲಿ ಸಂಗಮದ ತೆಪ್ಪದಲ್ಲಿ.

ಸಂಗಮದಲ್ಲಿ ಕೇಳಿದ್ದು

ನಮ್ಮ ರಾಮನಗರದ ಅರ್ಕಾವತಿ ಕನಕಪುರವನ್ನು ದಾಟಿ ಹೋಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕನಕಪುರದ ಮಾಮು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ತೆಪ್ಪ ಹಾಕುತ್ತಿದ್ದ ಅಜ್ಜ, ತಾವು ಹಿಂದೆ ಮೀನಿನ ಶಿಬಿರದಲ್ಲಿ ಕೆಲಸ ಮಾಡಿದವರು ಎಂದರು. ದೂರ ದೇಶದಿಂದ ಬಂದವರು ದಿನವಿಡೀ ಬಿಸಿಲಿನಲ್ಲಿ ಕೂತು ಮೀನು ಹಿಡಿದು, ತೂಕ ನೋಡಿ, ಫೋಟೊ ತೆಗೆದು, ಮತ್ತೆ ಹೊಳೆಗೇ ಬಿಡುತ್ತಿದ್ದರಂತೆ.

ಮಾಮು ನಕ್ಕರು. "ಬಿಡೋದಾದ್ರೆ ಹಿಡಿಯೋದ್ಯಾಕೆ?"

"ಬಿಟ್ಟಿದ್ರಿಂದಲೇ ಸಾಬ್ರೇ, ನನ್ನ ಮಕ್ಕಳು ಸ್ಕೂಲಿಗೆ ಹೋಗಿದ್ದು" ಎಂದರು ಅಜ್ಜ.

ಆ ಉತ್ತರ ನನ್ನ ತಲೆಯಲ್ಲಿ ಉಳಿಯಿತು. ಮನೆಗೆ ಬಂದ ಮೇಲೆ ಈ ವಿಷಯವನ್ನು ಓದತೊಡಗಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ರಾಗಿ ಮುದ್ದೆಯ ಗಾಳ

ಆಟಕ್ಕಾಗಿ ಮೀನು ಹಿಡಿಯುವುದು ಎಂದರೆ ನಮಗೆ ಸಮುದ್ರ, ಬಿಸಿ ಗಾಳಿ, ಸಣ್ಣ ದೋಣಿ ನೆನಪಾಗುತ್ತದೆ. ಸಮುದ್ರವಿಲ್ಲದ ನಮ್ಮ ಸೀಮೆಯಲ್ಲೂ ಈ ಆಟ ಇತ್ತು, ಜಗತ್ತಿನಲ್ಲೇ ಹೆಸರು ಮಾಡಿತ್ತು. ಅದರ ನಾಯಕ ಮಹಶೀರ್ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿ ಕಣಿವೆಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ, ಒಂದು ದೊಡ್ಡ ಅಕ್ಕಿ ಮೂಟೆಗಿಂತ ಭಾರ!

ಸ್ವಾತಂತ್ರ್ಯದ ನಂತರ ಈ ಮೀನು ಮುಗಿದೇ ಹೋಯಿತು ಎಂದು ಹೊರಗಿನವರು ಭಾವಿಸಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ದೊಡ್ಡ ಮಹಶೀರ್‌ಗಳನ್ನು ಹಿಡಿದು ತೋರಿಸಿದರು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಸಂಗಮದ ಬಳಿಯ ಗಾಳಿಬೋರೆಯಲ್ಲಿ ಶಿಬಿರಗಳು ನಡೆದವು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅವುಗಳನ್ನು ನಡೆಸುತ್ತಿತ್ತು.

ಮಳೆಗಾಲಕ್ಕೆ ಮುಂಚೆ, ನೀರು ಇಳಿದ ತಿಂಗಳುಗಳೇ ಇದಕ್ಕೆ ಕಾಲ. ಗಾಳಕ್ಕೆ ಏನು ಸಿಕ್ಕಿಸುತ್ತಿದ್ದರು ಗೊತ್ತೇ? ನಮ್ಮ ರಾಗಿ ಹಿಟ್ಟನ್ನೇ ಬೇಯಿಸಿ ಮಾಡಿದ ಗಟ್ಟಿ ಉಂಡೆ. ದೊಡ್ಡ ಮೀನು ಸಿಕ್ಕಿಕೊಂಡರೆ ಬಂಡೆಗಳ ನಡುವೆ ದಾರ ಎಳೆದುಕೊಂಡು ಓಡುತ್ತದೆ. ಬಂಡೆಯ ಅಂಚಿಗೆ ಉಜ್ಜಿದರೆ ದಾರ ತುಂಡು. ಆದ್ದರಿಂದ ಅಂಬಿಗ ಬಿದಿರಿನ ತೆಪ್ಪದಲ್ಲಿ ಮೀನಿನ ಹಿಂದೆಯೇ ಹೋಗಬೇಕು. ತೆಪ್ಪಕ್ಕೆ ಮುಂದು ಹಿಂದು ಇಲ್ಲ, ತಳ ಚಪ್ಪಟೆ. ಆದ್ದರಿಂದ ಎತ್ತ ಬೇಕಾದರೂ ತಿರುಗುತ್ತದೆ, ಕಡಿಮೆ ನೀರಿನಲ್ಲೂ ತೇಲುತ್ತದೆ.

ಹಸು ಮತ್ತು ಹಾಲು

ಈಗ ವಾಣಿಜ್ಯದ ಕಣ್ಣಿನಿಂದ ನೋಡೋಣ. ಮೀನನ್ನು ಕೊಂದು ಮಾರಿದರೆ ಒಂದೇ ಸಲ ಹಣ. ಬದುಕಿಸಿ ಬಿಟ್ಟರೆ ಅದೇ ಮೀನಿಗಾಗಿ ಮುಂದಿನ ವರ್ಷವೂ ಅತಿಥಿ ಬರುತ್ತಾನೆ. ಮೊದಲನೆಯದು ಹಸುವನ್ನೇ ಮಾರಿದಂತೆ, ಎರಡನೆಯದು ಹಾಲು ಮಾರಿದಂತೆ. ಸುತ್ತಲಿನ ಹಳ್ಳಿಗಳವರಿಗೆ ಅಂಬಿಗರಾಗಿ, ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಕೆಲಸ ಸಿಕ್ಕಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೂ ಅವರಲ್ಲಿದ್ದರು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ತಡೆಯಲು ಹೊಳೆಯ ದಡದಲ್ಲಿ ಯಾವಾಗಲೂ ಜನರಿದ್ದರು.

ಇದರಲ್ಲಿ ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ. ನಾನು ಇದನ್ನೆಲ್ಲ ಹೇಳಿದಾಗ ದಾದಿ, "ಬೇಟಿ, ತಿನ್ನೋಕೆ ಹಿಡಿದ್ರೆ ಸರಿ. ಆಟಕ್ಕೆ ಒಂದು ಜೀವಕ್ಕೆ ನೋವು ಕೊಡೋದು ಗುನಾಹ್ ಅಲ್ವಾ?" ಎಂದರು. ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಗಾಳ ಚುಚ್ಚಿದರೆ ಮೀನಿಗೆ ತೊಂದರೆ ಆಗಿಯೇ ಆಗುತ್ತದೆ. ಲಾಭದ ಜೊತೆ ಈ ವೆಚ್ಚವನ್ನೂ ಬರೆಯಬೇಕು.

ಎರಡು ಮೀನು, ಎರಡು ಖಾತೆ

ಮುಖ್ಯ ಪಾಠ ಇಲ್ಲಿದೆ. ಗಾಳಿಬೋರೆಯಲ್ಲಿ ಎಷ್ಟು ಗಂಟೆ ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಈ ದಾಖಲೆಯಲ್ಲಿ 23,000ಕ್ಕೂ ಹೆಚ್ಚು ಗಂಟೆಗಳ ಲೆಕ್ಕ, 6,000ಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಇದೆ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಇದನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು.

ಎಲ್ಲ ಮಹಶೀರ್‌ಗಳನ್ನು ಒಟ್ಟಿಗೆ ಕೂಡಿದಾಗ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು. ಸಂತೋಷದ ಸುದ್ದಿ! ಬಗೆವಾರು ಬಿಡಿಸಿ ನೋಡಿದಾಗ ಚಿತ್ರವೇ ಬೇರೆ. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದರ ಮರಿಗಳನ್ನು ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿ ಬೇರೆ ನದಿಗಳಿಗೂ ಬಿಡಲಾಗಿತ್ತು. ಕಾವೇರಿಯದೇ ಆದ, ಬೆನ್ನಲ್ಲಿ ಡುಬ್ಬವಿರುವ ಕಿತ್ತಳೆ ರೆಕ್ಕೆಯ ಮಹಶೀರ್ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕ ಕೆಲವೂ ದೊಡ್ಡವು. ಅಂದರೆ ಹಳೆಯ ದಾಸ್ತಾನು ಉಳಿದಿದೆ, ಹೊಸ ಸರಕು ಬರುತ್ತಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡಿ:

ಮೊದಲ ವರ್ಷ: ಡುಬ್ಬದ ಮೀನು 60, ನೀಲಿ ರೆಕ್ಕೆ 40, ಒಟ್ಟು 100.
ಕೊನೆಯ ವರ್ಷ: ಡುಬ್ಬದ ಮೀನು 10, ನೀಲಿ ರೆಕ್ಕೆ 140, ಒಟ್ಟು 150.

ಮೊತ್ತ ಮಾತ್ರ ನೋಡಿದವನು ಶೇ. 50 ಬೆಳವಣಿಗೆ ಎನ್ನುತ್ತಾನೆ. ಖಾತೆ ನೋಡಿದವನಿಗೆ ಒಂದು ಮೀನು ಅಳಿಯುತ್ತಿರುವುದು ಕಾಣುತ್ತದೆ.

ಇದು ನಮ್ಮ ಮನೆಯಲ್ಲೇ ಇರುವ ಪಾಠ. ಅಬ್ಬಾ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಾರೆ. ರಾಮನಗರದ ಮಾರುಕಟ್ಟೆಯಿಂದ ತಂದ ಬಿಳಿ ಗೂಡು ಮತ್ತು ಹಳದಿ ಗೂಡನ್ನು ಅವರು ಎಂದೂ ಒಂದೇ ಸಾಲಿನಲ್ಲಿ ಬರೆಯುವುದಿಲ್ಲ. "ಎರಡನ್ನೂ ಸೇರಿಸಿ ಕಿಲೋ ಲೆಕ್ಕ ಬರೆದ್ರೆ ಯಾವುದ್ರಲ್ಲಿ ನಷ್ಟ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?" ಎನ್ನುತ್ತಾರೆ.

ಇನ್ನೊಂದು ಆಶ್ಚರ್ಯ: ಇಷ್ಟು ಪ್ರಸಿದ್ಧವಾದ ಡುಬ್ಬದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ನದಿಯ ಮೀನೊಂದಕ್ಕೆ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದರು. ನಮ್ಮ ಕಾವೇರಿಯ ಮೀನೂ ಅದೇ ಎಂದು ತಿಳಿದದ್ದು 2018ರಲ್ಲಿ. ಅದೇ ವರ್ಷ ಅದನ್ನು ಜಾಗತಿಕ ಕೆಂಪು ಪಟ್ಟಿಗೆ 'ತೀವ್ರ ಅಳಿವಿನಂಚಿನಲ್ಲಿರುವ' ಜೀವಿ ಎಂದು ಸೇರಿಸಲಾಯಿತು.

ಪುಸ್ತಕ ಮುಚ್ಚಿದ ಮೇಲೆ

ಈ ಪ್ರದೇಶ 1987ರಲ್ಲೇ ಕಾವೇರಿ ವನ್ಯಜೀವಿ ಧಾಮವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಬೇಟೆ ನಿಷಿದ್ಧ. ಗಾಳ ಹಾಕುವುದೂ ಬೇಟೆಯೇ ಎಂದು ಪರಿಗಣಿಸಿ ಇದನ್ನು ನಿಲ್ಲಿಸಲಾಯಿತು. 2012ರ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಗಾಳದ ಜೊತೆಗೆ ಆ ಲೆಕ್ಕದ ಪುಸ್ತಕವೂ ನಿಂತಿತು.

ತೆಪ್ಪ ದಡ ಸೇರುವಾಗ ಅಜ್ಜ ಹೇಳಿದ್ದರು: "ಈಗ ಮೀನು ಎಷ್ಟೈತೆ ಅಂತ ಬರೆಯೋರೇ ಇಲ್ಲ ಕಣವ್ವ."

ನನಗೆ ಅನ್ನಿಸುವುದು ಇಷ್ಟು: ಗಾಳ ಬೇಕೇ ಬೇಡವೇ ಎಂಬುದನ್ನು ದೊಡ್ಡವರು ಚರ್ಚಿಸಲಿ. ಲೆಕ್ಕ ಮಾತ್ರ ನಿಲ್ಲಬಾರದು. ಮುಟ್ಟದೆ ಬಿಟ್ಟರೆ ಉಳಿಯುತ್ತದೆ ಎಂದು ಸುಮ್ಮನಾದರೆ ಸಾಲದು, ಉಳಿದಿದೆಯೇ ಎಂದು ಎಣಿಸಿ ನೋಡಬೇಕು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿಯೂ ಅರ್ಕಾವತಿಯ ಮೂಲಕ ಇದೇ ಸಂಗಮಕ್ಕೆ ಬರುತ್ತದೆ. ಹಾಗಾಗಿ ಆ ಮೀನಿನ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ಗೆಳೆಯರೇ, ನೀವೂ ಯೋಚಿಸಿ

1. ತಾಳೆಪಟ್ಟಿ ತಾಳೆಯಾದರೂ ಉಳಿಯುವ ತಪ್ಪುಗಳು ಯಾವುವು? ಮೀನಿನ ಲೆಕ್ಕದಲ್ಲಿ ಅವುಗಳಂತೆ ಕಾಣುವುದು ಯಾವುದು?
2. ನಮ್ಮ ಕಾಲೇಜಿನ ಫಲಿತಾಂಶ ಶೇಕಡಾವಾರು ಏರಿದಾಗ, ಆ ಮೊತ್ತದೊಳಗೆ ಹಿಂದೆ ಉಳಿದ ವಿಷಯ ಅಥವಾ ವಿದ್ಯಾರ್ಥಿ ಇರಬಹುದೇ?
3. ದಾದಿಯ ಪ್ರಶ್ನೆಗೆ ನಿಮ್ಮ ಉತ್ತರವೇನು? ನನಗೆ ಹೇಳಿ, ದಾದಿಗೆ ತಲುಪಿಸುತ್ತೇನೆ.