ಸೊರಗಿದ ರಾಸಿಗೆ ಮೊದಲ ಎರಡು ವಾರ

ತಿಂಗಳುಗಟ್ಟಲೆ ಮೇವಿಲ್ಲದೆ ಸೊರಗಿಯೂ ಜೀವ ಹಿಡಿದುಕೊಂಡ ರಾಸು, ಹೊಟ್ಟೆ ತುಂಬ ತಿಂಡಿ ಸಿಕ್ಕ ದಿನವೇ ಸಾಯಬಹುದು. ಅದನ್ನು ಉಳಿಸಿಕೊಳ್ಳುವಲ್ಲಿ ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾವ ಕ್ರಮದಲ್ಲಿ ಕೊಟ್ಟರು ಎಂಬುದು ಮುಖ್ಯ.

ಪಾಲಾರ್, ಗೋಪಿನಾಥಂ, ಮಲೆಮಹದೇಶ್ವರ ಬೆಟ್ಟದ ಆಸುಪಾಸಿನ ಹಳ್ಳಿಗಳಲ್ಲಿ ನಾಟಿ ದನಗಳನ್ನು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೂ ಉಳುಮೆಗೂ ಸಾಕುತ್ತಾರೆ. ಬರಗೂರು, ಆಲಂಬಾಡಿ, ಹಳ್ಳಿಕಾರ್ ಈ ಸೀಮೆಯ ತಳಿಗಳು. ಕಾಡಂಚಿನ ಮೇವನ್ನೇ ನಂಬಿ ಬೆಳೆದವು. ಮಲೆಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು, ಮೇಯಿಸಲು ನಿರ್ಬಂಧಗಳಿವೆ. 2016ರಲ್ಲಿ ಮಳೆ ಕೈಕೊಟ್ಟಾಗ ಮುಂದಿನ ಬೇಸಿಗೆಯಲ್ಲಿ ಗೋಶಾಲೆ ತೆರೆದು ಹೊರಗಿನಿಂದ ಮೇವು ತರಿಸಬೇಕಾಯಿತು. ಅಂಥ ದಿನಗಳಲ್ಲಿ ಕರುಣೆಯಿಂದ ಸುರಿಯುವ ಅನ್ನ, ರಾಗಿ ಗಂಜಿ, ಬೆಲ್ಲವೇ ದೊಡ್ಡ ಅಪಾಯ.

ಕಾರಣ ದನದ ಮೊದಲ ಹೊಟ್ಟೆಯಲ್ಲಿದೆ. ಅಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಉಪವಾಸದಲ್ಲಿ ತೀರಾ ಕಡಿಮೆಯಾಗಿರುತ್ತವೆ. ಹಿಟ್ಟಿನ ಅಂಶ ಒಮ್ಮೆಲೇ ಬಿದ್ದರೆ ಹುಳಿತು ಆಮ್ಲವಾಗುತ್ತದೆ, ಆಮ್ಲ ರಕ್ತಕ್ಕೂ ಸೇರುತ್ತದೆ. ರಾಸು ಮೇವು ಬಿಡುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತದೆ, ತೂರಾಡಿ ಮಲಗುತ್ತದೆ. ಒಂದೆರಡು ದಿನದಲ್ಲೇ ಸಾಯುವುದುಂಟು. ಈ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ನಿಂತು ನುಂಗಲಾರದ ದನಕ್ಕೆ ಗೊಟ್ಟದಲ್ಲಿ ಏನನ್ನೂ ಹುಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೊದಲು ನೆರಳು, ಆಮೇಲೆ ನೀರು. ಬಾಯಾರಿದ ದನಕ್ಕೆ ಒಂದು ಸಲಕ್ಕೆ ನಾಲ್ಕೈದು ಲೀಟರಿನಂತೆ, ನಡುವೆ ಬಿಡುವು ಕೊಟ್ಟು ಕುಡಿಸಬೇಕು. ಮೇವಿಗೆ ತೂಕದ ಅಂದಾಜು ಬೇಕು. ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ 660ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಸಿಗುತ್ತದೆ. 200 ಕಿಲೋ ತೂಗುವ ಹಸುವಿಗೆ ದಿನಕ್ಕೆ ನಾಲ್ಕರಿಂದ ಐದು ಕಿಲೋ ಒಣಮೇವು ಪೂರ್ಣ ಪ್ರಮಾಣ. ಮೊದಲ ದಿನಗಳಲ್ಲಿ ಇದರ ಅರ್ಧಕ್ಕಿಂತ ಹೆಚ್ಚಿಲ್ಲದಂತೆ ರಾಗಿಹುಲ್ಲನ್ನೋ ಒಣಹುಲ್ಲನ್ನೋ ಕತ್ತರಿಸಿ, ದಿನಕ್ಕೆ ನಾಲ್ಕೈದು ಬಾರಿ ಹಂಚಿ ಹಾಕಬೇಕು. ಹಸಿಮೇವು ಒಂದು ಹಿಡಿಯಿಂದ ಶುರುವಾಗಲಿ. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ಬಂದರೆ ಸಾಕು. ರಾಸು ನೆಮ್ಮದಿಯಾಗಿ ಮೆಲುಕು ಹಾಕತೊಡಗಿತೆಂದರೆ ಹೊಟ್ಟೆ ಮತ್ತೆ ಕೆಲಸ ಹಿಡಿದಿದೆ ಎಂದರ್ಥ. ಕಡಲೆಕಾಯಿ ಹಿಂಡಿ, ಬೂಸಾ ಅದಾದ ಮೇಲೆಯೇ. ಕಾಲು ಕಿಲೋದಿಂದ ಆರಂಭಿಸಿ ವಾರಕ್ಕಿಷ್ಟು ಏರಿಸಬಹುದು. ಜೊತೆಗೆ ಖನಿಜ ಮಿಶ್ರಣ ದಿನಕ್ಕೆ 30 ಗ್ರಾಂ. ಯೂರಿಯಾ ಉಪಚರಿಸಿದ ಹುಲ್ಲು ಒಳ್ಳೆಯ ಮೇವೇ, ಆದರೆ ಹಸಿದು ಬಂದ ದನಕ್ಕೆ ವಿಷವಾಗಬಹುದು.

ಹಸಿದ ದನ ಮೇವು ಆರಿಸುವುದಿಲ್ಲ. ಬೆಟ್ಟದಲ್ಲಿ ಎಲ್ಲೆಡೆ ಹಬ್ಬಿರುವ ಲಂಟಾನ ತಿಂದರೆ ಪಿತ್ತಜನಕಾಂಗ ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲು ತಾಗಿದ ಚರ್ಮ ಸುಲಿಯುತ್ತದೆ. ಕಟಾವಾದ ಜೋಳದ ಕೂಳೆ ಮೊದಲ ಮಳೆಗೆ ಚಿಗುರಿದಾಗ ಅದರಲ್ಲಿ ಸಯನೈಡ್ ವಿಷವಿರುತ್ತದೆ. ಉಸಿರು ಕಟ್ಟಿ ನಿಮಿಷಗಳಲ್ಲಿ ದನ ಬೀಳುತ್ತದೆ. ಚೇತರಿಸಿಕೊಳ್ಳುತ್ತಿರುವ ರಾಸನ್ನು ಅಂಥ ಹೊಲಕ್ಕೆ ಬಿಡಲೇಬಾರದು.

ಏಳಲಾರದ ದನಕ್ಕೆ ಹುಲ್ಲಿನ ದಪ್ಪ ಹಾಸಿಗೆ ಹಾಕಿ, ಒಂದೇ ಪಕ್ಕಕ್ಕೆ ಚಾಚಿಕೊಳ್ಳದಂತೆ ಎದೆಯ ಮೇಲೆ ಕೂರಿಸಿ, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ತಪ್ಪಿಸುವಂತಿಲ್ಲ. ಮಲಗಿದ ಭಾರಕ್ಕೆ ಅಡಿಯ ಕಾಲಿನ ಸ್ನಾಯು ಸತ್ತರೆ ಮತ್ತೆ ನಿಲ್ಲುವುದು ಕಷ್ಟ.

ಜಂತುಹುಳುವಿನ ಔಷಧವನ್ನು ಬಂದ ದಿನವೇ ಹಾಕುವ ಅವಸರ ಬೇಡ. ಸ್ವಲ್ಪ ಕಸುವು ಬಂದ ಮೇಲೆ, ಸಗಣಿ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟು ಕೊಡಬೇಕು. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗದ ಲಸಿಕೆಗಳೂ ಹಾಗೆಯೇ. ಹೊರಗಿನಿಂದ ತಂದ ರಾಸನ್ನು ಮೂರು ವಾರ ಬೇರೆ ಕಟ್ಟಬೇಕು. ಉಣ್ಣೆ, ಚರ್ಮಗಂಟು ರೋಗ ಮಂದೆಗೆ ಹರಡುವುದು ಇದರಿಂದ ತಪ್ಪುತ್ತದೆ.

ಪಕ್ಕೆಲುಬಿನ ಮೇಲೆ ಮಾಂಸ ತುಂಬಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ನೊಗಕ್ಕೆ ಹೂಡುವುದಾಗಲಿ, ಹಸುವಿಗೆ ಹೋರಿ ಕೊಡಿಸುವುದಾಗಲಿ ಕೂಡದು. ಸುತ್ತಳತೆಯನ್ನು ಹದಿನೈದು ದಿನಕ್ಕೊಮ್ಮೆ ಬರೆದಿಡಬೇಕು; ಎರಡು ಸಲ ಅಳೆದರೂ ಏರದಿದ್ದರೆ ಹಲ್ಲು, ಪಿತ್ತಜನಕಾಂಗದ ಹುಳು, ರಕ್ತಹೀನತೆಗಾಗಿ ಮತ್ತೆ ಪರೀಕ್ಷೆ ಮಾಡಿಸಬೇಕು.