ಮೊದಲು ಔಷಧಿ ಡಬ್ಬ, ಆಮೇಲೆ ಕಾಗದದ ಟ್ರಂಕು



ಹಬ್ಬ ಹತ್ತಿರ ಬಂದಾಗ ನಮ್ಮ ಮನೆಗಳಲ್ಲಿ ಸುಣ್ಣ ಬಳಿಯಲು ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಸುಣ್ಣ ಒಣಗಿದ ಮೇಲೆ ಅದೇ ಸಾಮಾನು ಅದೇ ಮೂಲೆಗೆ ಹೋಗಿ ಕೂರುತ್ತದೆ. ಧೂಳು ಹೊಡೆಯುವುದು ಒಂದು ಕೆಲಸ, ಬೇಡದ್ದನ್ನು ಬೇರೆ ಮಾಡುವುದು ಇನ್ನೊಂದು. ಎರಡನೆಯದನ್ನು ಇಡೀ ಮನೆಗೆ ಒಂದೇ ದಿನ ಮಾಡಲು ಹೊರಟವರು ಮಧ್ಯಾಹ್ನದೊಳಗೆ ಸೋತು ಎಲ್ಲವನ್ನೂ ಒಳಗೆ ತುರುಕುತ್ತಾರೆ. ಆದ್ದರಿಂದ ಈ ಸಲ ಎರಡೇ ಜಾಗ ಸಾಕು. ಅಟ್ಟ, ಬಟ್ಟೆ ಬೀರು, ಅಡುಗೆಮನೆ ಕಾಯಲಿ. ಹೊಸ ಪ್ಲಾಸ್ಟಿಕ್ ಡಬ್ಬಗಳನ್ನೂ ಈಗಲೇ ಕೊಳ್ಳಬೇಡಿ. ಎಷ್ಟು ಉಳಿಯುತ್ತದೆ ಎಂದು ತಿಳಿಯುವ ಮೊದಲೇ ತಂದರೆ ಅವೂ ಒಂದಷ್ಟು ಸಾಮಾನೇ.

ಔಷಧಿ ಡಬ್ಬಕ್ಕೆ ಅರ್ಧ ಗಂಟೆ ಸಾಕು. ಇಲ್ಲಿ ಯೋಚನೆ ಬೇಕಿಲ್ಲ, ತಾರೀಖು ನೋಡಿದರಾಯಿತು. ಮಾತ್ರೆ ಪಟ್ಟಿಯಲ್ಲಿ ತಾರೀಖನ್ನು ಸಾಮಾನ್ಯವಾಗಿ ಒಂದು ತುದಿಯಲ್ಲಿ ಅಚ್ಚು ಹಾಕಿರುತ್ತಾರೆ. ಆ ತುದಿಯಿಂದಲೇ ಕತ್ತರಿಸಿ ನುಂಗಿದರೆ ಉಳಿದ ಮಾತ್ರೆಗಳಿಗೆ ಹೆಸರೂ ಇಲ್ಲ, ವಯಸ್ಸೂ ಇಲ್ಲ. ಅಂಥವನ್ನು ಇಟ್ಟುಕೊಳ್ಳಬೇಡಿ, ಇನ್ನು ಮೇಲೆ ಬೇರೆ ತುದಿಯಿಂದ ಕತ್ತರಿಸಿ. ಮಕ್ಕಳಿಗೆ ನೀರು ಬೆರೆಸಿ ಕೊಡುವ ಆಂಟಿಬಯೋಟಿಕ್ ಪುಡಿ ಬೆರೆಸಿದ ಮೇಲೆ ಒಂದೆರಡು ವಾರವಷ್ಟೇ ಬಾಳುತ್ತದೆ, ದಿನದ ಲೆಕ್ಕ ಬಾಟಲಿಯ ಮೇಲೆಯೇ ಇರುತ್ತದೆ. ಹೋದ ಮಳೆಗಾಲದ ಬಾಟಲಿಯನ್ನು ಈ ಮಳೆಗಾಲದ ಜ್ವರಕ್ಕೆ ತೆಗೆಯಬಾರದು. ಅವಧಿ ಮುಗಿದವನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆಯಬೇಡಿ, ದನ ಬಾಯಿ ಹಾಕುತ್ತವೆ. ಬಳಸಿದ ಕಾಫಿ ಗಸಿಯ ಜೊತೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ.

ಇಷ್ಟಾದರೆ ಕೈ ಪಳಗುತ್ತದೆ. ಇನ್ನು ಟ್ರಂಕು.

ನಮ್ಮ ತಾಳವಾಡಿ ಸೀಮೆಯ ಮನೆಗಳಲ್ಲಿ ಕಾಗದ ರಾಶಿ ಬೀಳುವುದಕ್ಕೆ ಸೋಮಾರಿತನ ಕಾರಣವಲ್ಲ ಎಂಬುದು ನಮ್ಮ ಯುವಕೂಟದ ಅನಿಸಿಕೆ. ಹಿರಿಯರಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಾಲ್ಲೂಕು ಕಚೇರಿಯಿಂದ ಬರುವುದೆಲ್ಲ ತಮಿಳಿನಲ್ಲಿ. "ಗೌರ್ಮೆಂಟು ಮುದ್ರೆ ಅದೆ ಕಣ್ ಮಗ, ಇರ್ಲಿ ಬುಡು" ಎಂದು ಅಜ್ಜಿ ಮಡಿಸಿ ಇಡುತ್ತಾರೆ. ಮೊಮ್ಮಕ್ಕಳು ತಮಿಳು ಶಾಲೆಯಲ್ಲಿ ಓದಿದವರು, ಅವರಿಗೆ ತಾತನ ಕನ್ನಡ ಕೈಬರಹ ತಿಳಿಯದು. ಹೀಗೆ ಇಬ್ಬರಲ್ಲಿ ಯಾರೊಬ್ಬರೂ ಒಂಟಿಯಾಗಿ ಆ ಟ್ರಂಕನ್ನು ವಿಂಗಡಿಸಲಾರರು. ಅಜ್ಜಿ ಒಬ್ಬರೇ ಕೂತರೆ ಏನೂ ಹೊರಗೆ ಹೋಗುವುದಿಲ್ಲ. ಹುಡುಗರು ಮಾತ್ರ ಕೂತರೆ ಹೋಗಬಾರದ್ದೂ ಗುಜರಿಗೆ ಹೋಗುತ್ತದೆ. ಒಂದು ಭಾನುವಾರ ಬಲಿಪೂಜೆ ಮುಗಿಸಿ ಬಂದು, ಚಾಪೆ ಹಾಸಿ ಇಬ್ಬರೂ ಕೂತುಕೊಳ್ಳಿ. ಕಿರಿಯರು ಓದಿ ಹೇಳಲಿ, ಹಿರಿಯರು ಅದು ಯಾರದು, ಯಾವಾಗಿನದು ಎಂದು ಹೇಳಲಿ.

ಮೂರು ಗುಡ್ಡೆ ಮಾಡಿ: ಇಡುವುದು, ಹೋಗುವುದು, ಗೊತ್ತಿಲ್ಲದ್ದು. ಗೊತ್ತಿಲ್ಲದ ಗುಡ್ಡೆಯೇ ಮೊದಮೊದಲು ದೊಡ್ಡದಾಗಿದ್ದರೆ ಗಾಬರಿ ಬೇಡ.

ಮೂಲ ಕ್ರಯಪತ್ರ, ಪಾಲುಪತ್ರ, ಎಲ್‌ಐಸಿ ಬಾಂಡು, ಬ್ಯಾಂಕಿನ ಪಾಸ್‌ಬುಕ್ಕು, ಮರಣ ಪತ್ರ, ಶಾಲೆಯ ಟಿಸಿ, ಇವು ಇಡುವ ಗುಡ್ಡೆಗೆ. ಸರ್ವೆ ನಂಬರ್ ಗೊತ್ತಿದ್ದರೆ ಪಟ್ಟಾ ವಿವರವನ್ನು ಈಗ ಇಂಟರ್ನೆಟ್ಟಿನಲ್ಲೇ ನೋಡಬಹುದು. ಮೂಲ ಕ್ರಯಪತ್ರ ಕಳೆದರೆ ಓಡಾಟ ಬಹಳ. ಹಳೆಯ ಪತ್ರದಲ್ಲಿ ಕೊಯಮತ್ತೂರು ಜಿಲ್ಲೆ ಎಂದಿದೆ, ಇದು ನಮ್ಮದಲ್ಲ ಎಂದು ಹರಿಯಬೇಡಿ. 1979ರವರೆಗೆ ನಾವು ಕೊಯಮತ್ತೂರು ಜಿಲ್ಲೆಯವರು, ಆಮೇಲೆ ಪೆರಿಯಾರ್ ಜಿಲ್ಲೆಯವರು, ಅದಕ್ಕೆ ಈರೋಡು ಎಂಬ ಹೆಸರಾದದ್ದು 1996ರಲ್ಲಿ. ಹೊಲ ಮಾತ್ರ ಅಲ್ಲೇ ಇದೆ.

ಹೆಸರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೀಕ್ಷಾಸ್ನಾನದ ಪುಸ್ತಕದಲ್ಲಿ ಜೋಸೆಫ್, ಪಟ್ಟಾದಲ್ಲಿ ಸೂಸೈ, ಮನೆಯಲ್ಲಿ ಜೋಜಪ್ಪ. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಚೇರಿಗೆ ಗೊತ್ತಿಲ್ಲ. ಅವರು ತೀರಿಕೊಂಡ ಮೇಲೆ ವಾರಸು ಪತ್ರಕ್ಕೆ ಹೋದಾಗ ಅದನ್ನು ಸಾಬೀತು ಮಾಡಬೇಕಾಗುತ್ತದೆ. ಎರಡು ಹೆಸರು ಒಟ್ಟಿಗೆ ಇರುವ, ಅಥವಾ ತಂದೆಯ ಹೆಸರೂ ಊರೂ ಇರುವ ಹರಕು ಕಾಗದ ಸಿಕ್ಕರೆ ಅದು ಚಿನ್ನ. ಅಜ್ಜಿ ಎದುರಿಗಿರುವಾಗಲೇ ಯಾರು ಯಾರು ಎಂದು ಕೇಳಿ, ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.

ದೀಕ್ಷಾಸ್ನಾನದ ಪತ್ರದ ಐದಾರು ಪ್ರತಿ ಇರುವ ಮನೆಗಳುಂಟು. ಒಂದು ಸಾಕು. ಮದುವೆಗೆ ಹೇಗೂ ಆರು ತಿಂಗಳೊಳಗೆ ಪಡೆದ ಹೊಸ ಪತ್ರವನ್ನೇ ಕೇಳುತ್ತಾರೆ. ಯಾವ ಧರ್ಮಕೇಂದ್ರ, ಯಾವ ವರ್ಷ ಎಂಬುದು ಗೊತ್ತಿದ್ದರೆ ಪುಸ್ತಕ ನೋಡಿ ಬರೆದುಕೊಡುತ್ತಾರೆ.

ಹಳೆಯ ಲಗ್ನಪತ್ರಿಕೆ, ಔಷಧಿ ಅಂಗಡಿ ಚೀಟಿ, ಮುಗಿದ ವರ್ಷದ ಕ್ಯಾಲೆಂಡರು ಹೋಗಲಿ. ಆದರೆ ಆಧಾರ್ ಜೆರಾಕ್ಸನ್ನು ಹಾಗೇ ಗುಜರಿಗೆ ಹಾಕಬೇಡಿ, ಸಣ್ಣದಾಗಿ ಹರಿದುಬಿಡಿ. ಕಡಲೆಕಾಯಿ ಪೊಟ್ಟಣದ ಮೇಲೆ ನಮ್ಮ ನಂಬರು ಊರು ಸುತ್ತಬಾರದಲ್ಲ!

ಇಡುವ ರೀತಿಗೂ ಒಂದೆರಡು ಮಾತು. ಎಟಿಎಂ ಚೀಟಿ, ಅಂಗಡಿಯ ನುಣುಪು ಬಿಲ್ಲು ಶಾಯಿಯಿಂದ ಅಚ್ಚಾದವಲ್ಲ, ಬಿಸಿ ತಾಗಿದಾಗ ಕಪ್ಪಾಗುವ ಲೇಪನ ಅದು. ಬಿಸಿಲಿಗೂ ಪ್ಲಾಸ್ಟಿಕ್ ಕವರಿಗೂ ಅಕ್ಷರ ಮಾಸುತ್ತದೆ, ಬೇಕಿದ್ದರೆ ಜೆರಾಕ್ಸ್ ಮಾಡಿಸಿ. ಹಳೆಯ ಪತ್ರಗಳಿಗೆ ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಹತ್ತಿ ದಾರದಲ್ಲಿ ಕಟ್ಟಿ. ಟ್ರಂಕನ್ನು ಗೋಡೆಯಿಂದ ಗೇಣು ದೂರ, ಇಟ್ಟಿಗೆಗಳ ಮೇಲಿಟ್ಟರೆ ಗೆದ್ದಲು ಹತ್ತಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಟ್ರಂಕಿನ ತಳದಲ್ಲಿ ಹರಿದ ಜಪಸರ, ಒಣಗಿದ ಗರಿ, ಕೈ ಮುರಿದ ಸ್ವರೂಪ ಸಿಕ್ಕೇ ಸಿಗುತ್ತವೆ. ಬಿಸಾಡಲು ಭಯ, ಇಡಲು ಜಾಗವಿಲ್ಲ. ಆಶೀರ್ವದಿಸಿದ ವಸ್ತುಗಳನ್ನು ಕಸಕ್ಕೆ ಹಾಕದೆ ಸುಡುವುದು ಅಥವಾ ಕಾಲು ತುಳಿಯದ ಜಾಗದಲ್ಲಿ ಹೂಳುವುದು ನಮ್ಮ ಪದ್ಧತಿ. ಗರಿಗಳನ್ನು ಬೂದಿ ಬುಧವಾರಕ್ಕೆ ಮೊದಲು ಗುಡಿಗೆ ತಂದುಕೊಡಿ, ಹಣೆಗಿಡುವ ಬೂದಿ ಆಗುವುದೇ ಅವುಗಳಿಂದ.

ಗೊತ್ತಿಲ್ಲದ ಗುಡ್ಡೆಯನ್ನು ಒಂದು ಚೀಲದಲ್ಲಿ ಕಟ್ಟಿ ನಿಮ್ಮ ಅನ್ಬಿಯಂ ಕೂಟಕ್ಕೆ ತನ್ನಿ. ಯುವಕೂಟದಲ್ಲಿ ಎರಡೂ ಭಾಷೆ ಓದುವವರು ಇದ್ದೇವೆ. ನಿಮ್ಮ ಎದುರಿಗೇ ಓದಿ ಹೇಳುತ್ತೇವೆ. ಮೂಲ ಪತ್ರ ನಮ್ಮ ಕೈಗೂ ಕೊಟ್ಟು ಹೋಗಬೇಡಿ, ಕೂಟ ಮುಗಿದ ಕೂಡಲೇ ಎಣಿಸಿಕೊಂಡು ಮನೆಗೆ ಒಯ್ಯಿರಿ. ಓದಲು ಕನ್ನಡಕ ಬೇಕಾದವರು ಮರೆಯದೆ ತನ್ನಿ.